ನಾಲ್ಕು ತೂತಿನ ಫೋಟೋ

ಮನುಷ್ಯರ ಮುಖಕ್ಕಿಂತ ಮೊದಲು ಅವರ ಫೋಟೋದ ಅಂಚು ನೋಡುವ ಚಟ ನನಗೆ ಹತ್ತಿದ್ದು ಗುರ್‌ಗಾಂವಿನ ಕೆಲಸದಲ್ಲಿ. ಅದು ಇವತ್ತಿಗೂ ಹೋಗಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಮಗನ ಶಾಲೆಯ ಆಫೀಸಿನಲ್ಲಿ, ಎಲ್ಲೇ ಆಗಲಿ ಅರ್ಜಿಗೆ ಚುಚ್ಚಿದ ಫೋಟೋ ಕಂಡರೆ ಕಣ್ಣು ತಾನಾಗಿ ಅದರ ಮೇಲಂಚಿಗೆ ಹೋಗುತ್ತದೆ. ಸ್ಟೇಪ್ಲರ್ ಪಿನ್ನು ಒಂದು ಸಲ ಕೂತರೆ ಎರಡು ತೂತು. ನಾಲ್ಕು ತೂತು ಕಂಡರೆ ಆ ಫೋಟೋ ಮೊದಲು ಬೇರೆ ಕಾಗದದ ಮೇಲಿತ್ತು, ಯಾರೋ ಕಿತ್ತು ಇಲ್ಲಿ ಚುಚ್ಚಿದ್ದಾರೆ ಎಂದರ್ಥ. ಇದನ್ನು ನನಗೆ ಮೊದಲ ದಿನವೇ ಕಲಿಸಿದರು. ನಾನು ಸ್ವಲ್ಪ ಜಾಸ್ತಿಯೇ ಕಲಿತೆ.

ಎರಡು ಸಾವಿರದ ದಶಕದ ನಡುಭಾಗ ಅದು. ಗುರುಗ್ರಾಮ ಎಂದು ಆಗಿನ್ನೂ ಯಾರೂ ಅನ್ನುತ್ತಿರಲಿಲ್ಲ. ಮೊಬೈಲ್ ಕಂಪನಿಗಳು ಒಂದರ ಮೇಲೊಂದು ಬಿದ್ದು ಗಿರಾಕಿ ಹಿಡಿಯುತ್ತಿದ್ದ ಕಾಲ. ದೆಹಲಿಯ ಬಸ್‌ಸ್ಟಾಪುಗಳಲ್ಲಿ ಒಂದು ಬಣ್ಣದ ಛತ್ರಿ, ಅದರ ಕೆಳಗೆ ಮಡಚುವ ಮೇಜು, ಮೇಜಿನ ಮೇಲೆ ಸಿಮ್ಮು. ಹತ್ತು ಹೆಜ್ಜೆ ಆಚೆ ಇನ್ನೊಂದು ಬಣ್ಣದ ಛತ್ರಿ. ಒಂದು ಕಾಲದಲ್ಲಿ ಮನೆಗೆ ಫೋನು ಬರಲು ವರ್ಷಗಟ್ಟಲೆ ಕಾದಿದ್ದ ಜನ ಈಗ ತರಕಾರಿ ಕೊಂಡಷ್ಟು ಸಲೀಸಾಗಿ ನಂಬರು ಕೊಳ್ಳುತ್ತಿದ್ದರು, ಹೊಸ ಆಫರ್ ಬಂದರೆ ಹಳೆಯದನ್ನು ಬಿಸಾಡುತ್ತಿದ್ದರು. ಕಂಪನಿ ಬದಲಾದರೆ ನಂಬರೂ ಬದಲಾಗುತ್ತಿತ್ತು. ಊರು ಬದಲಾದರೂ ಅಷ್ಟೇ, ರೋಮಿಂಗಿನ ಭಯಕ್ಕೆ ಹೊಸ ಸಿಮ್ಮು. ಗೆಳತಿಯರ ನಂಬರನ್ನು ಪೆನ್ಸಿಲಿನಲ್ಲೇ ಬರೆದುಕೊಳ್ಳಬೇಕಿತ್ತು.

ನಮ್ಮ ಕಂಪನಿಯ ಮಹಡಿ ಎರಡು ಭಾಗವಾಗಿತ್ತು. ಕಿಟಕಿಯ ಕಡೆ ಮಾರಾಟದವರು. ಅವರ ಹತ್ತಿರ ಒಂದು ಹಿತ್ತಾಳೆ ಗಂಟೆ. ದಿನದ ಗುರಿ ಮುಟ್ಟಿದಾಗ ಯಾರಾದರೂ ಎದ್ದು ಬಾರಿಸುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಗೋಡೆಯ ಕಡೆ ನಾವು, ಪರಿಶೀಲನೆಯವರು. ನಮಗೆ ಗಂಟೆಯೂ ಇಲ್ಲ, ಕಿಟಕಿಯೂ ಇಲ್ಲ. ಅವರು ಹಿಡಿದು ತಂದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಅನುಮಾನಿಸುವುದೇ ನಮ್ಮ ಕೆಲಸ. ಸಿಮ್ಮು ಮಾರಿದ ದಿನವೇ ಚಾಲೂ ಆಗುತ್ತಿತ್ತು. ಅದರ ಅರ್ಜಿ ಮಾತ್ರ ಗೋಣಿಚೀಲದಲ್ಲಿ ಬಿದ್ದುಕೊಂಡು ವಾರಗಳ ಮೇಲೆ ನಮ್ಮ ಮೇಜಿಗೆ ಬರುತ್ತಿತ್ತು. ಅರ್ಜಿ ಸುಳ್ಳು ಎಂದು ನಾವು ಕೆಂಪು ಗೀಟು ಎಳೆದು ಸಹಿ ಹಾಕಿದರೆ ಸಂಜೆಯೊಳಗೆ ಆ ನಂಬರು ಸತ್ತುಹೋಗುತ್ತಿತ್ತು.

ಸುಳ್ಳು ಅರ್ಜಿಗಳಿಗೇನೂ ಬರವಿರಲಿಲ್ಲ. ಅಂಗಡಿಯವರಿಗೂ ಗುರಿ ಇತ್ತಲ್ಲ. ಯಾರೋ ಜೆರಾಕ್ಸ್ ಮಾಡಿಸಲು ಬಂದರೆ ಒಂದು ಪ್ರತಿ ತಮಗೂ ಇಟ್ಟುಕೊಳ್ಳುವುದು, ಅದರ ಮೇಲೆ ನಾಲ್ಕು ಸಿಮ್ಮು ಹೊರಡಿಸುವುದು. ಒಬ್ಬಳೇ ಮುದುಕಿಯ ಫೋಟೋ ಒಂದು ವಾರದಲ್ಲಿ ನನ್ನ ಮುಂದೆ ಐದು ಹೆಸರಿನಲ್ಲಿ ಬಂದಿತ್ತು, ಅದರಲ್ಲಿ ಎರಡು ಗಂಡಸರ ಹೆಸರು. ಯಾವುದೋ ಕೃತ್ಯಕ್ಕೆ ಬಳಸಿದ ಸಿಮ್ಮು ಯಾರೋ ಬಡಪಾಯಿಯ ಹೆಸರಿನಲ್ಲಿದ್ದು, ಪೊಲೀಸರು ಅವನ ಮನೆಬಾಗಿಲು ತಟ್ಟಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಿತ್ತು. ಹಾಗಾಗಿ ನಮ್ಮ ಅನುಮಾನಕ್ಕೆ ಒಂದು ಘನತೆಯೂ ಇತ್ತು. ನಮ್ಮ ಮೇಲಿನ ಸಾಹೇಬರು ಹರಿಯಾಣದವರು, ಹೊಟ್ಟೆಯ ಮೇಲೆ ಕೈಕಟ್ಟಿ ನಿಂತು ಹೊಸಬರಿಗೆ ಹಿಂದಿಯಲ್ಲಿ ಪಾಠ ಹೇಳುತ್ತಿದ್ದರು: “ಮೊದಲು ಸುಳ್ಳು ಅಂತಲೇ ಇಟ್ಟುಕೊಳ್ಳಿ. ನಿಜ ಆಗಿದ್ದರೆ ಆ ಗಿರಾಕಿ ತಾನೇ ಬಂದು ಕಿರುಚಾಡ್ತಾನೆ.”

ಆ ಮಾತು ನನಗೆ ತುಂಬಾ ಹಿಡಿಸಿತ್ತು. ಕಿರುಚಲಾಗದ ಗಿರಾಕಿಯೂ ಇರಬಹುದು ಎಂದು ನನಗೆ ಹೊಳೆಯಲಿಲ್ಲ.

ನಾನಿದ್ದದ್ದು ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿ, ನನ್ನ ಅಮ್ಮನ ಅಕ್ಕನ ಮನೆಯಲ್ಲಿ. ದೊಡ್ಡಪ್ಪ ಕೊಡಗಿನವರು, ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾಗಿ, ಊರಿಗೆ ಹೋಗುತ್ತೇವೆ ಹೋಗುತ್ತೇವೆ ಎನ್ನುತ್ತಲೇ ದೆಹಲಿಯಲ್ಲಿ ಉಳಿದುಬಿಟ್ಟಿದ್ದರು. ಮೂರನೇ ಮಹಡಿಯ ಫ್ಲ್ಯಾಟು, ಕೆಳಗಿನ ಗಲ್ಲಿಯ ತುಂಬ ವಿಶ್ವವಿದ್ಯಾಲಯದ ಹುಡುಗರು. ದೊಡ್ಡಪ್ಪ ಯಾವ ವಸ್ತುವನ್ನೂ ಬಿಸಾಡಿದವರಲ್ಲ. ಹಳೆಯ ಅರ್ಜಿ, ಅವಧಿ ಮುಗಿದ ಕಾರ್ಡು, ಎಲ್ಲವನ್ನೂ ಬಾಲ್ಕನಿಯಲ್ಲಿ ಹರಡಿಕೊಂಡು ಉಗುರು ಕತ್ತರಿಯಿಂದ ಪಿನ್ನು ಬಿಚ್ಚಿ, ಪಿನ್ನು ಬೇರೆ, ಕ್ಲಿಪ್ಪು ಬೇರೆ, ಪಟ ಬೇರೆ ಎಂದು ಬಿಸ್ಕತ್ ಡಬ್ಬಿಯೊಳಗೆ ಇಡುತ್ತಿದ್ದರು. ನಾನು ಅವರಿಗೊಂದು ಮೊಬೈಲು ಕೊಡಿಸುತ್ತೇನೆ ಎಂದಾಗಲೆಲ್ಲ ಒಂದೇ ಉತ್ತರ: “ವೈರ್‌ಲೆಸ್ ಹೊತ್ತು ಹೊತ್ತು ಬೆನ್ನು ಬಗ್ಗಿದೆ ಮಗ. ಇನ್ನು ಜೇಬಲ್ಲೂ ಒಂದು ಯಾಕೆ?” ಹುಡುಗಿಯಾದರೂ ನನ್ನನ್ನು ಮಗ ಎಂದೇ ಕರೆಯುತ್ತಿದ್ದರು.

ಮನೆಯ ಸರ್ಕಾರಿ ಲ್ಯಾಂಡ್‌ಲೈನ್ ಫೋನು ದೊಡ್ಡಮ್ಮನ ವಶದಲ್ಲಿತ್ತು. ಅದರ ಪಕ್ಕದಲ್ಲಿ ಕರೆದವರ ನಂಬರು ತೋರಿಸುವ ಒಂದು ಪುಟ್ಟ ಡಬ್ಬಿ, ಅದರ ಮೇಲೆ ಕಸೂತಿಯ ಬಟ್ಟೆ. ಫೋನು ರಿಂಗಾದರೆ ದೊಡ್ಡಮ್ಮ ಬಟ್ಟೆ ಎತ್ತಿ ನಂಬರು ನೋಡಿ, ಆಮೇಲೆ ರಿಸೀವರ್ ಎತ್ತುತ್ತಿದ್ದರು. ಮಾತಿಲ್ಲದ ಕರೆಗಳು ಬಂದರೆ, ಅವಕ್ಕೆ ನಮ್ಮನೆಯಲ್ಲಿ ‘ಬ್ಲ್ಯಾಂಕ್ ಕಾಲ್’ ಎನ್ನುತ್ತಿದ್ದೆವು, ಆ ನಂಬರನ್ನು ಊರಿಂದ ತರಿಸಿದ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ಎಕ್ಸ್‌ಚೇಂಜಿಗೆ ಕಂಪ್ಲೇಂಟ್ ಕೊಡಬೇಕು ಎನ್ನುವುದು ನೆಪ. ಕೊಟ್ಟದ್ದನ್ನು ನಾನು ನೋಡಲಿಲ್ಲ.

ಫೋನನ್ನು ಹಾಗೆ ಕಾಯುವುದಕ್ಕೆ ಕಾರಣ ಅಕ್ಕ. ಅವರ ಒಬ್ಬಳೇ ಮಗಳು. ಹೈದರಾಬಾದಿನಲ್ಲಿ ಕೆಲಸಕ್ಕಿದ್ದವಳು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಬೇರೆ ಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ದೊಡ್ಡಮ್ಮನಿಗೆ ಧರ್ಮದ ಮೇಲೆ ಅಂಥ ಸಿಟ್ಟೇನಿರಲಿಲ್ಲ. ಸೈನ್ಯದ ಕ್ವಾರ್ಟರ್ಸುಗಳಲ್ಲಿ ಎಲ್ಲರ ಹಬ್ಬ ಉಂಡು ಬದುಕಿದವರು. ಅವರಿಗೆ ಸಿಟ್ಟು ಬಂದದ್ದು, ಸಹಿ ಹಾಕಿ ಮೂರು ದಿನ ಆದಮೇಲೆ ಫೋನಿನಲ್ಲಿ ಹೇಳಿದಳು ಎಂದು. “ಹಾಲಿನವನಿಗೆ ಹೇಳೋ ಹಾಗೆ ಹೇಳಿದ್ಳು” ಎನ್ನುತ್ತಿದ್ದರು. ಅಂದಿನಿಂದ ಅವಳ ಕರೆ ಬಂದರೆ ರಿಸೀವರ್ ಎತ್ತಿ ಹಾಗೇ ಇಟ್ಟುಬಿಡುವುದು. ಒಂದೆರಡು ವರ್ಷದಲ್ಲಿ ಕರೆ ನಿಂತೇಹೋಯಿತು. ನಾನು ದೆಹಲಿಗೆ ಬಂದದ್ದು ಅದಾದ ಮೇಲೆ. ಅಕ್ಕನ ಕೋಣೆಯಲ್ಲಿ ಅಕ್ಕನ ಮಂಚದ ಮೇಲೆ ಮಲಗುತ್ತಿದ್ದೆ, ಹಾಗಾಗಿ ಅವಳಿಗೆ ನನ್ನ ಮೇಲೆ ಅಷ್ಟಕ್ಕಷ್ಟೇ. ನನಗೂ ಅಷ್ಟೇ.

ಆಫೀಸಿನ ಚಟ ಮನೆಗೂ ಬಂದಿತ್ತು. ದೊಡ್ಡಪ್ಪನ ಮಂಚದ ಕೆಳಗೆ ಒಂದು ಹಸಿರು ಕ್ಯಾನ್ವಾಸ್ ಚೀಲ ಬಂದು ಕೂತದ್ದನ್ನು ನಾನು ಗಮನಿಸಿದೆ. ಒಂದು ಸಲ ಗುಡಿಸುವ ನೆಪದಲ್ಲಿ ಎಳೆದು ನೋಡಿದೆ. ಎರಡು ಜೊತೆ ಬಟ್ಟೆ, ಟವೆಲು, ಫ್ಲಾಸ್ಕು, ಹಾಸಿಗೆಯಂತೆ ಸುತ್ತಿದ ಒಂದು ಸ್ವೆಟರು. ಹೊರಟು ನಿಂತವರ ಚೀಲ. ಅದರ ಒಳಜೇಬಿಗೆ ಜಿಪ್ಪಿತ್ತು, ಪುಟ್ಟ ಬೀಗವೂ ಇತ್ತು. ವಯಸ್ಸಾದವರು ಇದ್ದಕ್ಕಿದ್ದಂತೆ ಹರಿದ್ವಾರಕ್ಕೋ ಇನ್ನೆಲ್ಲಿಗೋ ಹೊರಟುಹೋದ ಕತೆಗಳನ್ನು ಕೇಳಿದ್ದೆ. ದೊಡ್ಡಮ್ಮನಿಗೆ ಹೇಳಲಿಲ್ಲ, ಆದರೆ ದೊಡ್ಡಪ್ಪನ ಮೇಲೆ ಒಂದು ಕಣ್ಣಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೇ ಆ ಅರ್ಜಿ ನನ್ನ ಮೇಜಿಗೆ ಬಂತು. ದಕ್ಷಿಣ ದೆಹಲಿಯ ಗಲ್ಲಿಗಳು ನನಗೆ ಗೊತ್ತೆಂದು ಆ ಕಡೆಯ ಕಟ್ಟುಗಳನ್ನು ನಾನೇ ಕೇಳಿ ಪಡೆಯುತ್ತಿದ್ದೆ. ಬೆಳಿಗ್ಗೆಯ ಚಹಾ ಮುಗಿದಿತ್ತು. ಹಾಳೆ ತಿರುವಿದೆ, ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಕಪ್ಪು ಕೋಟು, ಪಟ್ಟೆಪಟ್ಟೆ ಟೈ, ನಿವೃತ್ತಿಯ ವರ್ಷ ತೆಗೆಸಿದ ಪಟ. ಕೆಳಗೆ ನಮ್ಮ ಮನೆಯ ವಿಳಾಸ. ಜೊತೆಗೆ ಅವರ ಮಾಜಿ ಸೈನಿಕರ ಕಾರ್ಡಿನ ಜೆರಾಕ್ಸು.

ಪಟದ ಮೇಲಂಚಿನಲ್ಲಿ ನಾಲ್ಕು ತೂತು.

ಹೋದ ತಿಂಗಳಷ್ಟೇ ದೊಡ್ಡಪ್ಪ ಗಲ್ಲಿಯ ಜೆರಾಕ್ಸ್ ಅಂಗಡಿಗೆ ಆ ಕಾರ್ಡು ಒಯ್ದದ್ದು ನನಗೆ ನೆನಪಿತ್ತು. ಆ ಅಂಗಡಿಯವನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಸಿಮ್ಮು, ರೀಚಾರ್ಜು, ಜೆರಾಕ್ಸು, ಎಲ್ಲ ಕಂಪನಿಯ ಬೋರ್ಡು ಒಂದೇ ಬಾಗಿಲಿಗೆ ಹಾಕಿಕೊಂಡವನು. ಮೊಬೈಲು ಅಂದರೆ ಮೂಗು ಮುರಿಯುವ ಮನುಷ್ಯನ ಹೆಸರಿನಲ್ಲಿ ಯಾರೋ ಸಿಮ್ಮು ಹಿಡಿದುಕೊಂಡು ಊರು ಸುತ್ತುತ್ತಿದ್ದಾರೆ. ನಾಳೆ ಏನಾದರೂ ಆದರೆ ಪೊಲೀಸರು ಮೂರನೇ ಮಹಡಿ ಹತ್ತಿ ಬರುತ್ತಾರೆ. ನಿಯಮದ ಪ್ರಕಾರ ಅರ್ಜಿಯಲ್ಲಿದ್ದ ಇನ್ನೊಂದು ನಂಬರಿಗೆ ಫೋನು ಮಾಡಿ ವಿಚಾರಿಸಬೇಕಿತ್ತು. ಆ ಜಾಗ ಖಾಲಿ ಇತ್ತು. ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಅದೂ ಬೇಕಿಲ್ಲ ಅನ್ನಿಸಿತು. ಈ ಒಂದು ಅರ್ಜಿಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲೇ ಇರಲಿಲ್ಲ. ಪಟದ ಮೇಲೆ ಅಡ್ಡಲಾಗಿ ಕೆಂಪು ಗೀಟು ಎಳೆದೆ. ‘ಸುಳ್ಳು’ ಎಂಬ ಠಸ್ಸೆ ಒತ್ತಿ ಪಕ್ಕದಲ್ಲಿ ಸಹಿ ಮಾಡಿದೆ.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಹೇಳಿದೆ ಅಂದರೆ, ಕೊಚ್ಚಿಕೊಂಡೆ. ದೊಡ್ಡಮ್ಮ ರೊಟ್ಟಿ ಬಡಿಸುತ್ತಿದ್ದರು.

“ದೊಡ್ಡಪ್ಪ, ನಿಮ್ಮ ಹೆಸರಲ್ಲಿ ಯಾರೋ ಮೊಬೈಲ್ ತಗೊಂಡಿದ್ದ. ಇವತ್ತು ನನ್ನ ಕೈಗೇ ಸಿಕ್ಕಿಬಿದ್ದ. ಕಟ್ ಮಾಡಿಸಿಬಿಟ್ಟೆ.”

ದೊಡ್ಡಪ್ಪನ ಕೈ ತಟ್ಟೆಯ ಮೇಲೆ ನಿಂತಿತು.

“ನೋಡಿದ್ರಾ?” ಎಂದರು ದೊಡ್ಡಮ್ಮ. “ಎಲ್ಲಾ ಕಡೆ ಕಾರ್ಡ್ ಕೊಟ್ಟು ಬರ್ಬೇಡಿ ಅಂದ್ರೆ ಕೇಳಲ್ಲ. ಇವಳು ಇದ್ದಿದ್ದಕ್ಕೆ ಆಯ್ತು.”

“ಇವತ್ತೇನಾ ಕಟ್ ಆಗಿದ್ದು?” ದೊಡ್ಡಪ್ಪ ನಿಧಾನವಾಗಿ ಕೇಳಿದರು.

“ಹ್ಞೂಂ, ಮಧ್ಯಾಹ್ನವೇ.”

“ಮತ್ತೆ ಚಾಲೂ ಮಾಡಿಸೋಕೆ ಬರತ್ತಾ? ಅಂದ್ರೆ, ಆ ಕಳ್ಳ.”

“ಎಲ್ಲಿ ಬರತ್ತೆ ದೊಡ್ಡಪ್ಪ. ಈಗ ನಂಬರಿಗೇ ಬರ. ತೊಳೆದು ಇನ್ನೊಬ್ಬರಿಗೆ ಕೊಟ್ಟುಬಿಡ್ತಾರೆ.”

“ಒಳ್ಳೇ ಕೆಲಸ ಮಾಡಿದೆ ಮಗ” ಎಂದು ಅವರು ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಉಳಿದಿತ್ತು. ಅನ್ನದ ಅಗುಳನ್ನೂ ಬಿಡದ ಮನುಷ್ಯ. ನಾನು ಅದನ್ನು ಗಮನಿಸಿದೆ. ಪೊಲೀಸರ ಭಯಕ್ಕೆ ಊಟ ಸೇರಲಿಲ್ಲ ಎಂದು ಅರ್ಥ ಮಾಡಿಕೊಂಡೆ.

ಅಲ್ಲಿಂದ ಮುಂದೆ ದೊಡ್ಡಪ್ಪ ಬೇರೆಯಾದರು. ಫೋನು ರಿಂಗಾದರೆ ದೊಡ್ಡಮ್ಮನಿಗಿಂತ ಮೊದಲು ಎತ್ತಲು ಓಡುವುದು, ಎತ್ತಿದರೆ ಇನ್ಶೂರೆನ್ಸಿನವರೋ ಕ್ರೆಡಿಟ್ ಕಾರ್ಡಿನವರೋ ಆಗಿರುವುದು. ಬೆಳಗಿನ ವಾಕಿಂಗು ಉದ್ದವಾಯಿತು. ದೊಡ್ಡಮ್ಮ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, “ನಿನ್ನ ದೊಡ್ಡಪ್ಪ ಏನೋ ಮುಚ್ಚಿಡ್ತಿದ್ದಾರೆ ಅನ್ಸತ್ತೆ. ನಿನಗೆ ಗೊತ್ತಾಗತ್ತಲ್ಲ ಇಂಥದ್ದೆಲ್ಲ, ನೋಡು ಸ್ವಲ್ಪ” ಎಂದರು. ಕೆಲಸ ಕೊಟ್ಟಂತಾಯಿತು. ಆ ಭಾನುವಾರ ಬೆಳಿಗ್ಗೆ ಅವರು ಮೆಟ್ಟಿಲಿಳಿದ ಐದು ನಿಮಿಷಕ್ಕೆ ನಾನೂ ಇಳಿದೆ.

ಅವರು ಪಾರ್ಕಿಗೆ ಹೋಗಲಿಲ್ಲ. ಜನ ಇನ್ನೂ ಹಳ್ಳಿ ಎಂದೇ ಕರೆಯುತ್ತಿದ್ದ ಕಡೆ ತಿರುಗಿದರು. ಮುನಿರ್ಕಾದ ಆ ಹಳೆಯ ಭಾಗದಲ್ಲಿ ಒಂದು ಎಸ್‌ಟಿಡಿ ಬೂತು ಉಳಿದಿತ್ತು. ಒಂದು ಕಾಲದಲ್ಲಿ ಹುಡುಗರು ಊರಿಗೆ ಫೋನು ಮಾಡಲು ಸಾಲು ನಿಲ್ಲುತ್ತಿದ್ದ ಜಾಗ. ಈಗ ಅದರ ಗಾಜಿನ ಗೂಡಿನೊಳಗೆ ಅರ್ಧ ಚಿಪ್ಸಿನ ಪೊಟ್ಟಣಗಳು, ಇನ್ನರ್ಧದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಎಡೆ. ದೊಡ್ಡಪ್ಪ ಆ ಎಡೆಯಲ್ಲಿ ನಿಂತಿದ್ದರು. ಬಾಗಿಲು ಮುಚ್ಚುತ್ತಿರಲಿಲ್ಲ. ಒಂದು ನಂಬರು ಒತ್ತಿ ಕೇಳಿ ಇಟ್ಟರು. ಇನ್ನೊಂದು ನಂಬರು ಒತ್ತಿದರು.

“ಹಲೋ, ಭಯ್ಯಾ, ಈ ನಂಬರಿಗೆ ಯಾರಾದ್ರೂ ಹುಡುಗಿ ಫೋನ್ ಮಾಡಿದ್ರಾ?” ಎಂದು ಹಿಂದಿಯಲ್ಲಿ ಕೇಳಿದರು. ಆ ಕಡೆಯವನು ಏನು ಬೈದನೋ, ರಿಸೀವರನ್ನು ಮೆತ್ತಗೆ ಇಟ್ಟರು. ತಿರುಗಿದಾಗ ನಾನು ಚಿಪ್ಸಿನ ಪೊಟ್ಟಣಗಳ ಪಕ್ಕ ನಿಂತಿದ್ದೆ.

“ಹಿಂದೇನೇ ಬಂದ್ಯಾ?” ಎಂದರು. ಸಿಟ್ಟಿರಲಿಲ್ಲ. ಸುಸ್ತಿತ್ತು.

“ಯಾವ ಹುಡುಗಿ ದೊಡ್ಡಪ್ಪ?”

ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅವರು ಹೇಳಿದರು. ಅಕ್ಕನ ಜೊತೆ ಅವರು ಮಾತು ಬಿಟ್ಟೇ ಇರಲಿಲ್ಲ. ವರ್ಷಗಳಿಂದ ಪ್ರತಿ ಭಾನುವಾರ ಇದೇ ಬೂತಿನಿಂದ ಹೈದರಾಬಾದಿಗೆ ಫೋನು. ಅಕ್ಕನಿಗೆ ಈಗ ದಿನ ತುಂಬುತ್ತಿತ್ತು. ಅಷ್ಟರಲ್ಲಿ ಗಂಡನಿಗೆ ಪುಣೆಯಲ್ಲಿ ಬೇರೆ ಕಂಪನಿಯ ಕೆಲಸ ಸಿಕ್ಕಿತು. ಊರು ಬದಲಾದರೆ ಅವಳ ನಂಬರೂ ಬದಲು. ಹೊಸ ನಂಬರು ಹೇಳಲು ಅವಳು ಬೂತಿಗೆ ಫೋನು ಮಾಡುವಂತಿಲ್ಲ, ಮನೆಗೂ ಮಾಡುವಂತಿಲ್ಲ. ಅದಕ್ಕೇ ಕೊನೆಗೂ ಮೊಬೈಲು ಕೊಂಡಿದ್ದರು.

“ಅವಳಿಗೆ ನಂಬರ್ ಕೊಟ್ಟು ಹೇಳಿದ್ದೆ. ಪುಣೆಗೆ ಹೋಗಿ ಸಿಮ್ ಹಾಕಿದ ಕೂಡ್ಲೇ ಇದಕ್ಕೆ ಮಾಡು. ನೋವು ಶುರುವಾದ್ರೆ ಒಂದು ರಿಂಗ್ ಕೊಡು ಸಾಕು, ಮೊದಲ ಟ್ರೇನಿಗೆ ನಾನು ಬರ್ತೀನಿ ಅಂತ. ಚೀಲ ಕೂಡ ಕಟ್ಟಿಟ್ಟಿದ್ದೆ.”

ಚೀಲವನ್ನು ನಾನು ಎಳೆದು ನೋಡಿದ್ದೆನಲ್ಲ. ಬೀಗ ಹಾಕಿದ ಒಳಜೇಬಿನಲ್ಲಿದ್ದದ್ದು ಆ ಮೊಬೈಲೇ.

“ನಂಗ್ಯಾಕೆ ಹೇಳ್ಲಿಲ್ಲ ದೊಡ್ಡಪ್ಪ? ಆವತ್ತು ಊಟದ ಹೊತ್ತಲ್ಲಾದ್ರೂ?”

“ದೊಡ್ಡಮ್ಮನ ಎದುರಿಗಾ? ಇಷ್ಟು ವರ್ಷ ಕದ್ದು ಮಾತಾಡಿದ್ದೀನಿ ಅಂತ ಗೊತ್ತಾದ್ರೆ ಅವಳು ನನ್ನ ಜೊತೇನೂ ಮಾತು ಬಿಡ್ತಾಳೆ. ಆಮೇಲೆ, ನಿನಗೆ ಹೇಳೋಣ ಅಂತ ಎರಡು ಸಲ ಬಂದೆ. ನೀನು ಎಲ್ಲಾದಕ್ಕೂ ಪ್ರಶ್ನೆ ಕೇಳ್ತೀಯ ಮಗ. ಹೆದರಿಕೆ ಆಯ್ತು.” ಚಹಾದ ಲೋಟ ಕೆಳಗಿಟ್ಟರು. “ನಿಮ್ಮ ಕಂಪನೀದೇ ತಗೊಂಡಿದ್ದೆ. ಬೇರೇವ್ರು ಮೋಸ ಮಾಡ್ತಾರೆ, ಇಲ್ಲಿ ನಮ್ಮ ಹುಡುಗಿ ಇದ್ದಾಳಲ್ಲ ಅಂತ.”

ಅಳಿಯ ಸೇರಿದ ಕಂಪನಿಯ ಹೆಸರನ್ನು ಅವರು ಕೇಳಿಟ್ಟುಕೊಂಡಿರಲಿಲ್ಲ, ಪುಣೆಯ ವಿಳಾಸವೂ ಇಲ್ಲ. ಫೋನು ಬರುತ್ತದಲ್ಲ, ಆಗ ಬರೆದುಕೊಂಡರಾಯಿತು ಎಂದುಕೊಂಡಿದ್ದರು. ಹೈದರಾಬಾದಿನ ನಂಬರು ಸ್ವಿಚ್ ಆಫ್. ಅವರ ಸ್ವಂತ ನಂಬರು ಆಗಲೇ ಗಾಜಿಯಾಬಾದಿನ ಯಾರದೋ ಜೇಬಿನಲ್ಲಿತ್ತು, ಬೂತಿನಲ್ಲಿ ಅವರನ್ನು ಬೈದವನು ಅವನೇ.

ಸೋಮವಾರ ಆಫೀಸಿಗೆ ಹೋದವಳೇ ತಿರಸ್ಕರಿಸಿದ ಅರ್ಜಿಗಳ ರಾಶಿಯಲ್ಲಿ ಕೂತು ಆ ಹಾಳೆ ಹುಡುಕಿ ತೆಗೆದೆ. ಈ ಸಲ ಪಟ ನೋಡಲಿಲ್ಲ, ಸಹಿ ನೋಡಿದೆ. ದೊಡ್ಡಪ್ಪ ಕನ್ನಡದಲ್ಲಿ ಸಹಿ ಹಾಕಿದ್ದರು. ದುಂಡನೆಯ, ಒತ್ತಿ ಬರೆದ, ಹಳ್ಳಿಶಾಲೆಯ ಅಕ್ಷರ. ಆ ಇಡೀ ಮಹಡಿಯಲ್ಲಿ ಆ ಲಿಪಿ ಓದಬಲ್ಲವಳು ನಾನೊಬ್ಬಳೇ. ಮುನಿರ್ಕಾದ ಜೆರಾಕ್ಸ್ ಅಂಗಡಿಯವನು ಯಾವ ಜನ್ಮದಲ್ಲಿ ಕನ್ನಡದಲ್ಲಿ ಸಹಿ ಹಾಕುತ್ತಾನೆ? ನನ್ನ ಪಕ್ಕದ ಮೇಜಿನ ಬಂಗಾಳಿ ಹುಡುಗಿಯ ಕೈಗೆ ಸಿಕ್ಕಿದ್ದರೆ, ಇದೇನು ಭಾಷೆ ಎಂದು ನನ್ನನ್ನೇ ಕೇಳುತ್ತಿದ್ದಳು, ಅಲ್ಲಿಗೆ ಎಲ್ಲ ತಿಳಿಯಾಗುತ್ತಿತ್ತು. ನನಗೆ ಅದು ಓದಲು ಬಂತು, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ಪಟದ ತೂತುಗಳೂ ಅಷ್ಟೇ. ಉಗುರು ಕತ್ತರಿ ಹಿಡಿದು ಬಾಲ್ಕನಿಯಲ್ಲಿ ಪಿನ್ನು ಬಿಚ್ಚುತ್ತ ಕೂತ ಮನುಷ್ಯನಿಗೆ ಎಷ್ಟೋ ಸಲ ನಾನೇ ಕಾಫಿ ತಂದುಕೊಟ್ಟಿದ್ದೆ.

ಹಾಳೆ ಹಿಡಿದುಕೊಂಡು ಸಾಹೇಬರ ಹತ್ತಿರ ಹೋದೆ. ಇದು ನಿಜವಾದ ಅರ್ಜಿ, ನನ್ನ ತಪ್ಪು, ನಂಬರು ವಾಪಸು ಬೇಕು ಎಂದೆ. ಅವರು ಹಾಳೆಯನ್ನೂ ನನ್ನನ್ನೂ ಸರದಿಯಂತೆ ನೋಡಿದರು.

“ಕಟ್ ಮಾಡಿದ್ದೂ ನೀನೇ, ಜೋಡಿಸು ಅನ್ನೋದೂ ನೀನೇ. ಯಾರಿವನು? ಸಂಬಂಧಿಕನಾ?”

ಹೌದು ಎಂದೆ.

“ಅಚ್ಛಾ” ಎಂದರು. ಆ ಒಂದು ಅಚ್ಛಾ ನನಗೆ ಚೆನ್ನಾಗಿ ಗೊತ್ತಿದ್ದದ್ದು, ಸುಳ್ಳು ಅರ್ಜಿ ಸಿಕ್ಕಾಗ ನಾನೂ ಹಾಗೇ ಅನ್ನುತ್ತಿದ್ದೆ. ನಂಬರು ಬರಲಿಲ್ಲ. ಆ ವಾರದಿಂದ ನನ್ನ ಕಟ್ಟುಗಳನ್ನು ಇನ್ನೊಬ್ಬರು ಮರುಪರಿಶೀಲಿಸುವಂತೆ ಆದೇಶವಾಯಿತು. ಆ ಹಾಳೆಯನ್ನು ನಾನು ಮತ್ತೆ ರಾಶಿಗೆ ಹಾಕಲಿಲ್ಲ. ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ. ಅದೊಂದು ಕಳ್ಳತನವನ್ನು ಯಾರೂ ಹಿಡಿಯಲಿಲ್ಲ.

ಆಫೀಸಿನ ಕ್ಯಾಬ್‌ನಲ್ಲಿ ವಾಪಸು ಬರುವಾಗ ಬ್ಲ್ಯಾಂಕ್ ಕಾಲ್‌ಗಳ ನೆನಪಾಯಿತು. ಇತ್ತೀಚೆಗೆ ಅವು ಮತ್ತೆ ಶುರುವಾಗಿದ್ದವು. ಯಾರೋ ಪುಂಡ ಹುಡುಗರು ಎಂದು ನಾನೇ ತೀರ್ಪು ಕೊಟ್ಟಿದ್ದೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಗೋಡೆಯ ಕ್ಯಾಲೆಂಡರ್ ತಿರುಗಿಸಿದೆ. ದೊಡ್ಡಮ್ಮನ ಅಚ್ಚುಕಟ್ಟಾದ ಅಂಕಿಗಳು. ಪ್ರತಿ ನಂಬರಿನ ಮುಂದೆ ‘ಯಾರೋ’ ಎಂದು ಬರೆದಿತ್ತು. ಕೊನೆಯಲ್ಲಿ ಒಂದೇ ನಂಬರು ಮೂರು ಸಲ ಬಂದಿತ್ತು, ಅದರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.

“ದೊಡ್ಡಮ್ಮ, ಇದು ಯಾರ್ದು?”

ಅವರು ಸೋಫಾದ ಮೇಲೆ ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅವಳ್ದೇ.”

“ಅಕ್ಕಂದಾ? ಹೇಗೆ ಗೊತ್ತು? ಮಾತಾಡಿದ್ಳಾ?”

“ಮಾತಾಡ್ಬೇಕಾ? ಒಂಬತ್ತು ತಿಂಗಳು ಹೊಟ್ಟೇಲಿ ಇಟ್ಕೊಂಡಿದ್ದೀನಿ, ಅವಳ ಉಸಿರು ಗೊತ್ತಾಗಲ್ವಾ ನಂಗೆ.” ಎರಡು ಕಾಯಿ ಬಿಡಿಸಿದರು. “ಅವಳೂ ಮಾತಾಡಲ್ಲ, ನಾನೂ ಮಾತಾಡಲ್ಲ. ಸ್ವಲ್ಪ ಹೊತ್ತು ಇದ್ದು ಇಟ್ಟುಬಿಡ್ತೀನಿ. ಕೊನೇದ್ರಲ್ಲಿ ಹಿಂದೆ ಮಗು ಅಳ್ತಿತ್ತು. ಆವತ್ತು ನಾನು ಇಡ್ಲಿಲ್ಲ. ಅವಳೇ ಇಟ್ಟಳು.”

ಆಗ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. “ಮಗುನಾ?” ಎಂದರು. ಅಷ್ಟೇ ಹೇಳಿ ಕುರ್ಚಿ ಹಿಡಿದು ಕೂತರು. ದೊಡ್ಡಮ್ಮ ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ. ಆ ಮನೆಯಲ್ಲಿ ಮೂರು ಜನ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಹುಡುಗಿಯನ್ನು ಬಚ್ಚಿಟ್ಟುಕೊಂಡಿದ್ದೆವು ಎಂದು ಹೇಳಲು ಆಸೆ. ಅದು ನಿಜವಲ್ಲ. ಬಚ್ಚಿಟ್ಟುಕೊಂಡವರು ಅವರಿಬ್ಬರೇ. ನಾನು ಪತ್ತೆ ಮಾಡಿದವಳು, ಅದಕ್ಕೂ ಮೊದಲು ಕತ್ತರಿಸಿದವಳು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ತಾವೇ ನಂಬರು ಒತ್ತಿದರು. ಕ್ಯಾಲೆಂಡರ್ ನೋಡಲಿಲ್ಲ. ರಿಂಗಾಗುವ ಸದ್ದು ಕೇಳಿದ ಮೇಲೆ ರಿಸೀವರನ್ನು ದೊಡ್ಡಪ್ಪನ ಕೈಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

ನಾನು ದೊಡ್ಡಪ್ಪನ ಪಕ್ಕದಲ್ಲೇ ಇದ್ದೆ. ಹಳೆಯ ಫೋನು, ಆ ಕಡೆಯ ಮಾತು ಹೊರಗೂ ಕೇಳುತ್ತಿತ್ತು.

“ನಾನಮ್ಮ” ಎಂದರು ದೊಡ್ಡಪ್ಪ.

ಆಮೇಲೆ ಅಕ್ಕನ ಧ್ವನಿ, ಬ್ಯಾಂಕಿನಲ್ಲಿ ಕೂತು ಮಾತಾಡುವವರ ಥರದ ಧ್ವನಿ. “ಹೇಳಿ.”

“ಹೇಗಿದ್ದೀಯ? ಮಗು...”

“ಹೆಣ್ಣು. ಹದಿನೆಂಟು ದಿನ ಆಯ್ತು. ಆಸ್ಪತ್ರೆಗೆ ಹೊರಡೋ ಮುಂಚೆ ನಿಮಗೆ ನಾಲ್ಕು ಸಲ ಮಾಡ್ದೆ. ನಂಬರೇ ಇಲ್ಲ ಅಂತ ಬಂತು. ಆಮೇಲೆ ಯಾರೋ ಎತ್ತಿ ಹಿಂದೀಲಿ ಬೈದ. ಅಮ್ಮನ ಮಾತು ಕೇಳಿ ನೀವೂ ನಂಬರ್ ಬದಲಾಯಿಸಿಬಿಟ್ರಿ ಅಂದ್ಕೊಂಡೆ. ಹೌದಾ ಅಪ್ಪ?”

ದೊಡ್ಡಪ್ಪ ನನ್ನನ್ನು ನೋಡಿದರು. ನಾನು ಕೈ ಚಾಚಿ ರಿಸೀವರ್ ಕೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನನ್ನ ಕೈ ಮೇಲೇಳಲಿಲ್ಲ. ಹೆದರಿಕೆ, ಬೇರೇನೂ ಅಲ್ಲ. ಕಿಟಕಿಯ ಹತ್ತಿರ ನಿಂತಿದ್ದ ದೊಡ್ಡಮ್ಮನ ಬೆನ್ನಿಗೂ ಹೆದರಿದೆ.

“ಅಮ್ಮಂದೇನೂ ಇಲ್ಲ, ನಂದೇ ತಪ್ಪು” ಎಂದರು ದೊಡ್ಡಪ್ಪ. “ಬೇರೆ ಕಂಪನೀದು ಒಳ್ಳೆ ಆಫರ್ ಇತ್ತು ಅಂತ ನಂಬರ್ ಬದಲಾಯಿಸಿಬಿಟ್ಟೆ. ನಿಂಗೆ ತಿಳಿಸೋದು ಹೇಗೆ ಅಂತ ಯೋಚ್ನೆ ಮಾಡ್ಲೇ ಇಲ್ಲ.”

ಆ ಕಡೆ ಮಗು ಅಳಲು ಶುರುಮಾಡಿತು.

“ಆಫರ್ರಾ ಅಪ್ಪ?” ಎಂದಳು ಅಕ್ಕ.

ಮಾರನೇ ದಿನ ದೊಡ್ಡಪ್ಪ ಹಸಿರು ಚೀಲ ಹಿಡಿದು ಪುಣೆಗೆ ಹೊರಟರು. ದೊಡ್ಡಮ್ಮ ಹೋಗಲಿಲ್ಲ, ಆದರೆ ಚೀಲದೊಳಗೆ ಒಣಕೊಬ್ಬರಿ, ಮೆಂತ್ಯ, ಹಳೆಯ ಮೆತ್ತನೆಯ ಸೀರೆಯ ತುಂಡುಗಳನ್ನು ತುರುಕಿದರು. ಮುಂದಿನ ವರ್ಷ ಅವರೂ ಹೋದರು. ನಾನು ಕೆಲಸ ಬಿಟ್ಟೆ. ಅದಾಗಿ ಕೆಲವು ವರ್ಷಕ್ಕೆ ಕಂಪನಿ ಬದಲಾಯಿಸಿದರೂ ನಂಬರು ಉಳಿಸಿಕೊಳ್ಳುವ ವ್ಯವಸ್ಥೆ ಬಂತು. ಆ ಜಾಹೀರಾತು ಟೀವಿಯಲ್ಲಿ ಬಂದಾಗ ದೊಡ್ಡಪ್ಪ ಚಾನೆಲ್ ಬದಲಾಯಿಸಿದರು. ನಮ್ಮಿಬ್ಬರ ನಡುವೆ ಆ ವಿಷಯ ಮತ್ತೆ ಬರಲೇ ಇಲ್ಲ. ಈಗ ಅವರಿಲ್ಲ.

ಅಕ್ಕ ಮತ್ತು ನಾನು ಈಗ ಹತ್ತಿರದವರು. ಯಾವುದಾದರೂ ಕಂಪನಿಯಿಂದ ಆಫರಿನ ಕರೆ ಬಂದಾಗಲೆಲ್ಲ ಅವಳು ಆ ಮಾತು ತೆಗೆಯುತ್ತಾಳೆ. “ನಮ್ಮಪ್ಪ ಒಂದು ಆಫರಿಗೆ ನನ್ನನ್ನೇ ಮರೆತಿದ್ರು ಕಣೇ” ಎಂದು ನಗುತ್ತಾಳೆ. ಆ ನಗು ಪೂರ್ತಿ ನಗುವಲ್ಲ. ಮಗಳು ಹುಟ್ಟಿದ ದಿನ ತವರಿನವರು ಯಾರೂ ಜೊತೆಗಿಲ್ಲದ್ದನ್ನು ಅವಳು ಅಪ್ಪನಿಗೆ ಕೊನೆಯವರೆಗೂ ಪೂರ್ತಿ ಕ್ಷಮಿಸಲಿಲ್ಲ. ಅದು ನನಗೆ ಗೊತ್ತು, ದೊಡ್ಡಪ್ಪನಿಗೂ ಗೊತ್ತಿತ್ತು. ನಾನೂ ಅವಳ ಜೊತೆ ನಕ್ಕಿದ್ದೇನೆ, ಪ್ರತಿ ಸಲ.

ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಮಡಿಕೆಯ ಜಾಗದಲ್ಲಿ ಹರಿಯುತ್ತಿದೆ, ಪಿನ್ನು ತುಕ್ಕು ಹಿಡಿದಿದೆ. ಮುಂದಿನ ತಿಂಗಳು ಅಕ್ಕ ಬರುತ್ತಾಳೆ, ಮಗಳನ್ನು ಕಾಲೇಜಿಗೆ ಸೇರಿಸಲು. ಈ ಸಲ ಅದನ್ನು ಅವಳ ಮುಂದೆ ಇಡುತ್ತೇನೆ. ವಿವರಿಸುವುದೇನೂ ಬೇಕಾಗಲಾರದು. ಅವಳ ಅಪ್ಪನ ಪಟದ ಮೇಲೆ ಕೆಂಪು ಗೀಟಿದೆ, ಅದರ ಪಕ್ಕದಲ್ಲಿ ಸಹಿ ಇದೆ. ಅಕ್ಕನಿಗೆ ನನ್ನ ಸಹಿ ಗೊತ್ತು.